ನಾಲಿಗೆಯವರು ಕುಡಿದ ನಾಲ್ಕು ಕಪ್ ಟೀ

ನಮ್ಮ ಭಾವ ಟೀ ಕುಡಿಯುವುದಕ್ಕೆ ಮುಂಚೆ ಟೀಯನ್ನು ನೋಡುತ್ತಾರೆ. ಅದರಲ್ಲೇನು ದೊಡ್ಡ ವಿಷಯ ಎಂದು ನೀವು ಕೇಳಬಹುದು. ಅವರು ನೋಡುವುದನ್ನು ನೀವು ನೋಡಿಲ್ಲ, ಅದಕ್ಕೇ ಕೇಳುತ್ತಿದ್ದೀರಿ. ಕಪ್ಪು ಕೈಗೆ ಬಂದ ಮೇಲೆ ಗೋಡೆಯ ಗಡಿಯಾರ ಇಪ್ಪತ್ತು ಸಲ ಟಿಕ್ ಎನ್ನುವ ತನಕ ಅವರು ಕಣ್ಣು ಮಿಟುಕಿಸುವುದಿಲ್ಲ. ಬಾವಿಯೊಳಗೆ ಬಿದ್ದ ಕೊಡವನ್ನು ಹುಡುಕುವವರ ಹಾಗೆ ಬಗ್ಗಿ ನೋಡುತ್ತಾರೆ. ಆಮೇಲೆ ಒಂದು ಗುಟುಕು. ಆಮೇಲೆ ಇನ್ನೊಂದಿಷ್ಟು ಮೌನ. ಅಷ್ಟು ಹೊತ್ತೂ ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತಾ ನಿಂತಿರುವ ಅಕ್ಕ ಕೇಳುತ್ತಾಳೆ.

"ಹೇಗಿದೆ?"

"ಬಹಳ ಚೆನ್ನಾಗಿದೆ."

ದಿನವೂ ಇದೇ ಪ್ರಶ್ನೆ, ಇದೇ ಉತ್ತರ. ಆ ಎರಡು ಮಾತಿಗೆ ಮುಂಚಿನ ಮೌನವನ್ನು ನಾನು ಎರಡು ವರ್ಷ ಗಮನವಿಟ್ಟು ಕೇಳಿದ್ದೇನೆ. ಪದವಿ ಮುಗಿಸಿದ ಮೇಲೆ ಅಕ್ಕನ ಮನೆಯ ಹಜಾರದಲ್ಲಿ ಕುಳಿತು ಯೋಚನೆ ಮಾಡುವುದೇ ನನ್ನ ಕೆಲಸವಾಗಿತ್ತು. ಬೇರೆಯವರು ಅದಕ್ಕೆ ನಿರುದ್ಯೋಗ ಎನ್ನುತ್ತಿದ್ದರು.

ಭಾವನದು ನೀರು ಸರಬರಾಜು ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಗುಮಾಸ್ತಿಕೆ. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದು ಒಬ್ಬರು ಬೈದು ಹೋದರೆ, ಬಂದ ನೀರು ನಿಲ್ಲುತ್ತಿಲ್ಲ ಎಂದು ಇನ್ನೊಬ್ಬರು ಬೈಯಲು ಬರುತ್ತಾರೆ. ಇಬ್ಬರ ಮಾತನ್ನೂ ಒಂದೇ ದುಂಡು ಅಕ್ಷರದಲ್ಲಿ ಬರೆದುಕೊಂಡು, ರಸೀದಿ ಹರಿದು ಕೊಟ್ಟು, ತಲೆ ಬಗ್ಗಿಸುವುದು ಭಾವನ ಕೆಲಸ. ಹದಿನೆಂಟು ವರ್ಷದಲ್ಲಿ ಆ ಕಚೇರಿಯಲ್ಲಿ ಯಾರೂ ಅವರ ಅಭಿಪ್ರಾಯ ಕೇಳಿರಲಿಲ್ಲ. ಕೇಳದೇ ಇದ್ದಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು.

ಹೊಸದಾಗಿ ಬಂದ ಎಂಜಿನಿಯರ್ ಮೇಡಂ ಕೇಳಿಬಿಟ್ಟರು. ಕೆಲಸಕ್ಕೆ ಸೇರಿದ ಮೊದಲ ವಾರ ಅವರು ಮನೆಯಿಂದ ಯಾವುದೋ ಬೆಟ್ಟದ ತುದಿಯ ಎಲೆಯ ಟೀ ಪುಡಿ ತಂದು, ಕಚೇರಿಯಲ್ಲೇ ನೀರು ಕಾಯಿಸಿ, ಹಾಲು ಹಾಕದೆ, ಬಿಳಿ ಕಪ್ಪುಗಳಲ್ಲಿ ಎಲ್ಲರಿಗೂ ಕೊಟ್ಟು, "ಹೇಗಿದೆ ಹೇಳಿ, ನಾಚಿಕೆ ಬೇಡ" ಎಂದರು. ಹಿರಿಯ ಗುಮಾಸ್ತರು "ಸ್ವರ್ಗ ಮೇಡಂ" ಎಂದರು. ಭಾವನ ಪಕ್ಕದ ಟೈಪಿಸ್ಟ್ "ಬಹಳ ಚೆನ್ನಾಗಿದೆ" ಎಂದುಬಿಟ್ಟರು.

ಭಾವ ದಂಗಾದರು. ಟೀಯ ಬಗ್ಗೆ ಅವರ ಹತ್ತಿರ ಇದ್ದದ್ದೇ ಆ ಒಂದು ವಾಕ್ಯ. ಅದನ್ನು ಕಣ್ಣೆದುರೇ ಇನ್ನೊಬ್ಬರು ಎತ್ತಿಕೊಂಡು ಹೋಗಿದ್ದರು. ಮೇಡಂ ಕಾಯುತ್ತಿದ್ದರು. ಭಾವ ಕಪ್ಪನ್ನು ನೋಡಿದರು. ಟೀ ಕೆಂಪಗಿರಲಿಲ್ಲ. ಮಸಿ ಕಲಸಿದ ಹಾಗೆ ಕಪ್ಪು, ಮೇಲೆ ಎಣ್ಣೆಯಂಥ ತೆಳು ಪೊರೆ. ಬಾಯಿಗೆ ಬೇರೇನೂ ಸಿಗದೆ ಕಂಡದ್ದನ್ನೇ ಹೇಳಿದರು.

"ಎಲೆಯಲ್ಲಿ ತಪ್ಪಿಲ್ಲ ಮೇಡಂ. ನೀರಲ್ಲಿ ಕಬ್ಬಿಣ ಇದೆ."

"ಹೇಗೆ ಗೊತ್ತಾಯ್ತು ನಿಮಗೆ?" ಎಂದರು ಮೇಡಂ.

ಕಪ್ಪಗೆ ಕಾಣಿಸ್ತಿದೆ ಎಂದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹದಿನೆಂಟು ವರ್ಷದಲ್ಲಿ ಮೊದಲನೆಯ ಸಲ ಹನ್ನೊಂದು ಜನ ಭಾವನ ಮುಖ ನೋಡುತ್ತಿದ್ದರು. ಭಾವ ಎರಡು ಬೆರಳಿನಿಂದ ತುಟಿ ಮುಟ್ಟಿಕೊಂಡು, "ನಾಲಿಗೆ ಹೇಳ್ತು" ಎಂದರು.

ಮೇಡಂ ಆಗಲೇ ಇಬ್ಬರನ್ನು ಮಾಳಿಗೆಗೆ ಹತ್ತಿಸಿದರು. ನೀರಿನ ತೊಟ್ಟಿಯ ಕಬ್ಬಿಣದ ಮುಚ್ಚಳ ತುಕ್ಕು ಹಿಡಿದು, ಮುರಿದು, ತಟ್ಟೆಯಷ್ಟು ಅಗಲದ ಚೂರುಗಳಾಗಿ ತೊಟ್ಟಿಯ ತಳ ಸೇರಿತ್ತು. ಚೂರುಗಳನ್ನು ತಂದು ಮೇಜಿನ ಮೇಲೆ ಇಟ್ಟಾಗ ಯಾರೂ ಅವನ್ನು ನೋಡಲಿಲ್ಲ. ಎಲ್ಲರೂ ನೋಡಿದ್ದು ಭಾವನ ಬಾಯನ್ನು.

ಅವತ್ತಿನಿಂದ ಅವರ ಹೆಸರೇ ನಾಲಿಗೆ ಎಂದಾಯಿತು. ಮರ್ಯಾದೆ ಇರುವವರು ನಾಲಿಗೆಯವರು ಎಂದರು.

ಸುದ್ದಿ ಭಾವನಿಗಿಂತ ಮೊದಲು ಮನೆ ಮುಟ್ಟಿತ್ತು. ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರು ಗೇಟಿನಲ್ಲೇ ತಡೆದು, "ಎಲ್ಲಿ, ಸ್ವಲ್ಪ ನಾಲಿಗೆ ಹೊರಗೆ ಹಾಕಿ" ಎಂದರು. ಹೆಡ್‌ಮಾಸ್ತರು ಹೇಳಿದ ಮೇಲೆ ಹಾಕದೇ ಇರಲು ಭಾವನಿಗೆ ಧೈರ್ಯ ಸಾಲದು. ಮೇಲಿನ ಮನೆಯ ಔಷಧಿ ಅಂಗಡಿಯವರು ಟಾರ್ಚ್ ತಂದು ಬೆಳಕು ಬಿಟ್ಟರು.

"ನೋಡೋಕೆ ಎಲ್ಲರ ನಾಲಿಗೆ ಥರಾನೇ ಇದೆಯಲ್ಲ" ಎಂದರು ಅಂಗಡಿಯವರು, ಸ್ವಲ್ಪ ನಿರಾಸೆಯಿಂದ.

"ಅದೇ ಕಣ್ರೀ ಅದರ ದೊಡ್ಡಸ್ತಿಕೆ!" ಎಂದರು ಹೆಡ್‌ಮಾಸ್ತರು. "ತೋರಿಸಿಕೊಳ್ಳೋದೇ ಇಲ್ಲ!"

ಅಕ್ಕನ ಖುಷಿ ಬೇರೆಯೇ ಬಗೆಯದು. ಅವಳು ಬಾಗಿಲಲ್ಲಿ ನಿಂತು, ಯಾರಿಗೂ ಅಲ್ಲ ಎನ್ನುವಂತೆ, ಎಲ್ಲರಿಗೂ ಕೇಳಿಸುವಂತೆ ಹೇಳಿದಳು: "ನಾಲಿಗೆ ಅವರದೇ. ಆದರೆ ಅದನ್ನ ತಿದ್ದಿ ತೀಡಿದ್ದು ಯಾರು? ದಿನಕ್ಕೆ ಎರಡು ಸಲ, ಇಷ್ಟು ವರ್ಷ, ಯಾರ ಟೀ ಕುಡಿದು ಬೆಳೀತು ಅದು?"

ಭಾವ ಏನೂ ಹೇಳಲಿಲ್ಲ. ಆ ಮೌನ ಯಾಕೋ ನನಗೆ ಸರಿ ಕಾಣಲಿಲ್ಲ. ವಿನಯದ ಮೌನ ಇಷ್ಟು ಬೆವರುವುದಿಲ್ಲ.

ಸರಿ ಕಾಣದ್ದು ಯಾಕೆಂದು ಮೂರನೆಯ ದಿನ ತಿಳಿಯಿತು. ಅಕ್ಕ ಒಲೆಯ ಮೇಲೆ ಹಾಲಿಟ್ಟು, "ಸ್ವಲ್ಪ ನೋಡ್ಕೊಳ್ಳಿ" ಎಂದು ಭಾವನಿಗೆ ಹೇಳಿ ಹೊರಗೆ ಹೋಗಿದ್ದಳು. ಭಾವ ಒಲೆಯ ಪಕ್ಕವೇ ಸ್ಟೂಲು ಹಾಕಿಕೊಂಡು ಪತ್ರಿಕೆಯಲ್ಲಿ ಮುಳುಗಿದ್ದರು. ನಾನು ರಸ್ತೆಯ ತಿರುವಿನಲ್ಲಿ ಬರುತ್ತಿರುವಾಗಲೇ ಹೊತ್ತಿದ ಹಾಲಿನ ವಾಸನೆ ಮೂಗಿಗೆ ಬಡಿಯಿತು. ಮೇಲಿನ ಮನೆಯ ಅಂಗಡಿಯವರು ಮೆಟ್ಟಿಲಲ್ಲಿ ಮೂಗು ಮುಚ್ಚಿ ಕೂಗುತ್ತಿದ್ದರು. ಹೆಡ್‌ಮಾಸ್ತರು ಕಿಟಕಿ ಮುಚ್ಚುತ್ತಿದ್ದರು. ನಾನು ಒಳಗೆ ಓಡಿದರೆ ಪಾತ್ರೆಯ ತಳ ಕೆಂಡದ ಬಣ್ಣ, ಅದರಿಂದ ಒಂದು ಮೊಳ ದೂರದಲ್ಲಿ ಭಾವ ಶಾಂತವಾಗಿ ಹವಾಮಾನ ವರದಿ ಓದುತ್ತಿದ್ದರು.

"ಭಾವ! ವಾಸನೆ ಬರಲಿಲ್ವಾ?"

ಅವರು ಮೊದಲು ಒಲೆ ನೋಡಿದರು, ಆಮೇಲೆ ನನ್ನನ್ನು. ಎದ್ದು ಹೋಗಿ ಹೊರಬಾಗಿಲು ಹಾಕಿ ಬಂದರು.

"ಆರು ವರ್ಷ ಆಯ್ತಪ್ಪಾ" ಎಂದರು. "ವಾಸನೆ ಇಲ್ಲ. ರುಚಿ ಇಲ್ಲ. ಸಿಹಿ, ಉಪ್ಪು, ಕಹಿ ಒಂದೂ ಇಲ್ಲ. ಬಿಸಿ ಮಾತ್ರ ಗೊತ್ತಾಗುತ್ತೆ."

ನಾನು ಅವರ ಬಾಯನ್ನೇ ನೋಡಿದೆ. ಆ ವಾರ ಊರೆಲ್ಲ ನೋಡಿದ ಬಾಯಿ ಅದು.

ಆರು ವರ್ಷದ ಹಿಂದೆ ಭಾವನಿಗೆ ಕೆಟ್ಟ ಜ್ವರ ಬಂದಿತ್ತು. ಇಪ್ಪತ್ತೊಂದು ದಿನ ಅಕ್ಕ ಹಾಸಿಗೆಯ ಪಕ್ಕ ಬಿಟ್ಟು ಏಳಲಿಲ್ಲ. ತಿಳಿ ಟೀಯನ್ನು ಚಮಚದಲ್ಲಿ ಬಾಯಿಗೆ ಬಿಟ್ಟು ಉಳಿಸಿಕೊಂಡಿದ್ದಳು. ಇಪ್ಪತ್ತೆರಡನೆಯ ದಿನ ಭಾವ ಎದ್ದು ಕುಳಿತು, ತಾವೇ ಕಪ್ಪು ಹಿಡಿದು ಒಂದು ಗುಟುಕು ಕುಡಿದರು. ಬಿಸಿ ನೀರಿಗೂ ಅದಕ್ಕೂ ವ್ಯತ್ಯಾಸವೇ ಇರಲಿಲ್ಲ. ಜ್ವರ ಇಳಿದು ಹೋಗುವಾಗ ರುಚಿಯನ್ನೂ ಕಟ್ಟಿಕೊಂಡು ಹೋಗಿತ್ತು.

"ಅವಳು ಎದುರಿಗೆ ನಿಂತಿದ್ಲು" ಎಂದರು ಭಾವ. "ಇಪ್ಪತ್ತೊಂದು ದಿನ ನಿದ್ದೆ ಇಲ್ಲದ ಮುಖ. ಹೇಗಿದೆ ಅಂತ ಕೇಳಿದ್ಲು. ಏನು ಹೇಳಲಿ? ಬಹಳ ಚೆನ್ನಾಗಿದೆ ಅಂದೆ. ಮಾರನೆ ದಿನಾನೂ ಕೇಳಿದ್ಲು. ಅಂದೆ. ಹಾಗೇ ನಡೀತಾ ಬಂತು. ಈಗ ಹೇಳಿದ್ರೆ ಆರು ವರ್ಷದ್ದೂ ಸುಳ್ಳು ಅಂತಾಗುತ್ತೆ. ಅವಳಿಗೆ ಹೇಳಬೇಡ."

"ಮತ್ತೆ ಆ ಕಬ್ಬಿಣ?"

"ಬಾಯಿಗೆ ಏನೂ ಸಿಗದೆ ಇದ್ದಾಗ ಕಣ್ಣು ಏನು ಮಾಡುತ್ತೆ ಹೇಳು? ಆರು ವರ್ಷದಿಂದ ನೋಡ್ತಾನೇ ಇದೀನಿ. ಎಲೆ ಹೆಚ್ಚು ಕುದಿದ್ರೆ ಅಂಚಿಗೆ ಒಂದು ಕಂದು ಗೆರೆ ಕೂರುತ್ತೆ. ನೀರು ಗಡಸಾದ್ರೆ ಪೊರೆ ಒಡೆಯುತ್ತೆ. ಕಬ್ಬಿಣ ಇದ್ರೆ ಮಸಿ ಆಗುತ್ತೆ. ಹಾಲು ಹೊಸದೋ ಹಳೇದೋ ಅನ್ನೋದು ಹಬೆಯಲ್ಲೇ ಗೊತ್ತಾಗುತ್ತೆ." ಇಷ್ಟು ಹೇಳಿ, ಸುಟ್ಟ ಪಾತ್ರೆಯನ್ನು ನೋಡಿ, "ಒಲೆ ಮೇಲಿನ ಹಾಲು ಮಾತ್ರ ನೋಡಲಿಲ್ಲ ನೋಡು" ಎಂದರು.

ಎಷ್ಟೋ ದೊಡ್ಡ ವಿಚಾರಗಳನ್ನು ಓದಿ ಪದವಿ ಪಡೆದವನು ನಾನು. ಒಂದು ಕಪ್ ಟೀಯನ್ನು ಇಷ್ಟು ನೋಡಿದವರನ್ನು ಮಾತ್ರ ನೋಡಿರಲಿಲ್ಲ.

ಅಷ್ಟರಲ್ಲಿ ಊರು ಸುಮ್ಮನಿರಲಿಲ್ಲ. ಬೆಳಗ್ಗೆ ಆರಕ್ಕೆಲ್ಲ ನಮ್ಮ ಜಗಲಿಯಲ್ಲಿ ಫ್ಲಾಸ್ಕುಗಳು ಸಾಲು ನಿಲ್ಲತೊಡಗಿದವು. ನಮ್ಮ ಮನೆ ಟೀಗೆ ಏನಾಗಿದೆ ನೋಡಿ, ನಮ್ಮ ನಲ್ಲಿ ನೀರು ಹೇಗಿದೆ ಹೇಳಿ, ಸೊಸೆ ಮಾಡಿದ್ದು ಇದು, ನಾನು ಮಾಡಿದ್ದು ಇದು, ಯಾವುದು ಮೇಲು ಅಂತ ಮುಖಕ್ಕೇ ಹೇಳಿಬಿಡಿ. ಭಾವ ಪ್ರತಿಯೊಂದನ್ನೂ ನೋಡಿ, ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, "ಎಲೆ ಎರಡು ನಿಮಿಷ ಹೆಚ್ಚು ಕುದ್ದಿದೆ" ಎನ್ನುವರು. ಬಂದವರು ಬೆಚ್ಚಿಬೀಳುವರು. "ಫೋನ್ ಬಂದಿತ್ತು ಕಣ್ರೀ! ಸರಿಯಾಗಿ ಎರಡು ನಿಮಿಷ! ಅದೂ ಗೊತ್ತಾಯ್ತಲ್ಲ!" ಸೊಸೆ ಅತ್ತೆಯರ ವಿಷಯದಲ್ಲಿ ಮಾತ್ರ ಅವರು ಎರಡೂ ಕಪ್ಪು ಖಾಲಿ ಮಾಡಿ ಆಕಾಶ ನೋಡುತ್ತಿದ್ದರು. ಅತ್ತೆ ಗೆದ್ದೆನೆಂದೂ ಸೊಸೆ ಗೆದ್ದೆನೆಂದೂ ತಿಳಿದು ಇಬ್ಬರೂ ಕೈಮುಗಿದು ಹೋಗುತ್ತಿದ್ದರು.

ಔಷಧಿ ಅಂಗಡಿಯವರು ಜಗಲಿಯ ಇನ್ನೊಂದು ತುದಿಯಲ್ಲಿ ಕುರ್ಚಿ ಹಾಕಿಕೊಂಡು ಪುಕ್ಕಟೆ ಸಲಹೆ ಶುರು ಮಾಡಿದರು. "ಊಟ ಆದ ತಕ್ಷಣ ಟೀ ಕುಡೀಬೇಡಿ. ಊಟದಲ್ಲಿರೋ ಕಬ್ಬಿಣ ಮೈಗೆ ಸೇರಲ್ಲ. ಒಂದು ಗಂಟೆ ಬಿಟ್ಟು ಕುಡೀರಿ."

"ನಮ್ಮ ನಲ್ಲೀಲೇ ಕಬ್ಬಿಣ ಬರುತ್ತಲ್ಲ ಸ್ವಾಮಿ" ಎಂದಿತು ಸಾಲಿನ ನಡುವಿನಿಂದ ಒಂದು ದನಿ. "ಅಲ್ಲಿಗೆ ಸರಿಹೋಯ್ತು ಬಿಡಿ."

ಅಕ್ಕ ಕುದಿಸಿ ಉಳಿದ ಎಲೆಯ ಪಾಠ ನಡೆಸುತ್ತಿದ್ದಳು. ಅದನ್ನು ತೊಳೆದು ಗುಲಾಬಿಯ ಬುಡಕ್ಕೆ ಹಾಕಬೇಕು, ತಣ್ಣಗಿನ ತಿಳಿ ಟೀಯಲ್ಲಿ ಅದ್ದಿದ ಹತ್ತಿಯನ್ನು ದಣಿದ ಕಣ್ಣಿನ ಮೇಲೆ ಇಟ್ಟುಕೊಳ್ಳಬೇಕು, ಕನ್ನಡಿಯ ಜಿಡ್ಡು ಟೀ ನೀರಿಗೆ ಹೋದಷ್ಟು ಯಾವುದಕ್ಕೂ ಹೋಗುವುದಿಲ್ಲ. ಒಣಗಿಸಿದ ಎಲೆಯನ್ನು ಬಟ್ಟೆಯಲ್ಲಿ ಕಟ್ಟಿ ಬೂಟಿನೊಳಗೆ ಇಟ್ಟರೆ ವಾಸನೆ ಮಾಯ. "ನಮ್ಮೆಜಮಾನರ ಬೂಟಿಗೆ ಆರು ವರ್ಷದಿಂದ ಇಡ್ತಾ ಇದೀನಿ. ಮೊದಲು ಅವರೇ ಬೂಟು ಬಿಸಿಲಿಗೆ ಹಾಕ್ತಿದ್ರು. ಈಗ ಅದರ ಗೊಡವೆಗೇ ಹೋಗಲ್ಲ" ಎಂದಳು ಹೆಮ್ಮೆಯಿಂದ. ಹೆಂಗಸರು ಬರೆದುಕೊಂಡರು. ಭಾವ ಕೆಮ್ಮಿದರು. ನಾನು ಗೋಡೆ ನೋಡಿದೆ.

ಹತ್ತು ದಿನದಲ್ಲಿ ಭಾವ ದಿನಕ್ಕೆ ಹದಿನಾರು ಕಪ್ಪಿಗೆ ಬಂದರು. ಕಣ್ಣು ಮುಚ್ಚಿದರೆ ಮುಚ್ಚಿಕೊಳ್ಳದು. ಪೆನ್ನು ಹಿಡಿದರೆ ದುಂಡು ಅಕ್ಷರ ಮುಳ್ಳಿನ ಹಾಗೆ ಬರುತ್ತಿತ್ತು. ಅಂಗಡಿಯವರು ನಾಡಿ ಹಿಡಿದು ಗಡಿಯಾರ ನೋಡಿದರು.

"ಏನು?" ಎಂದಳು ಅಕ್ಕ ಗಾಬರಿಯಿಂದ.

"ಒಳಗೆ ಕುದುರೆ ಓಡ್ತಾ ಇದೆಯಮ್ಮಾ. ನಾಲ್ಕು ಕಪ್ಪಿನ ಮೇಲೆ ಹೋಗಬಾರದು. ಬೇರೆಯವರಾಗಿದ್ರೆ ಬಿದ್ದೇ ಹೋಗ್ತಿದ್ರು. ಇವರು ನೋಡಿ, ಕೂತಿದಾರೆ!" ಎಂದು ಮತ್ತೆ ಭಾವನ ಬಾಯನ್ನು ಭಕ್ತಿಯಿಂದ ನೋಡಿದರು.

ಅಂಥ ಹೊತ್ತಿನಲ್ಲೇ ನಗರಸಭೆಯ ಅಧ್ಯಕ್ಷರು ಹೇಳಿ ಕಳಿಸಿದರು. ಗುಡ್ಡದ ಪಕ್ಕದ ಹೊಸ ಬಡಾವಣೆಯಲ್ಲಿ ನಾನೂರು ಮನೆ ಎದ್ದಿತ್ತು. ಅಲ್ಲಿಗೆ ನೀರು ಕೊಡಲು ಮೂರು ಕೊಳವೆಬಾವಿ ಕೊರೆದಿದ್ದರು. ಮೂರರಲ್ಲಿ ಯಾವುದಕ್ಕೆ ಪೈಪ್ ಜೋಡಿಸಬೇಕು ಎನ್ನುವುದು ಪ್ರಶ್ನೆ. ಮೇಡಂ ನೀರನ್ನು ಪ್ರಯೋಗಾಲಯಕ್ಕೆ ಕಳಿಸಿದ್ದರು. ವರದಿಗೆ ಮೂರು ವಾರ ಬೇಕಿತ್ತು.

"ಮೂರು ವಾರ ಯಾಕ್ರೀ?" ಎಂದರಂತೆ ಅಧ್ಯಕ್ಷರು. "ನಮ್ಮ ಹತ್ತಿರ ನಾಲಿಗೆ ಇದೆ. ಮೂರು ಬಾವಿ ನೀರಲ್ಲಿ ಮೂರು ಕಪ್ ಟೀ ಮಾಡಿ. ಅವರು ತೋರಿಸಿದ ಬಾವಿಗೆ ಸಂಜೆಯೊಳಗೆ ಪೈಪ್!"

ಮೇಡಂ ಹಿಂದೆಮುಂದೆ ನೋಡಿದರಂತೆ. ಆದರೆ ತುಕ್ಕಿನ ಚೂರುಗಳನ್ನು ಅವರೇ ಕೈಯಾರೆ ಮುಟ್ಟಿದ್ದರು. ಕೊನೆಗೆ ಒಪ್ಪಿದರು.

"ಹೇಳಿಬಿಡಿ ಭಾವ" ಎಂದೆ ನಾನು.

"ಹಾಲು ಹಾಕಬೇಡಿ, ಬಿಳಿ ಕಪ್ಪು ಇಡಿ ಅಂತ ಕೇಳಿದೀನಿ. ಮೇಡಂ ಒಪ್ಪಿದಾರೆ" ಎಂದರು ಭಾವ. "ಕಣ್ಣು ಇದೆಯಲ್ಲ. ಹೇಗೋ ನೋಡ್ಕೊಳ್ಳೋಣ. ನಿಮ್ಮಕ್ಕ ಮುಂದಿನ ಸಾಲಲ್ಲಿ ಕೂತಿರ್ತಾಳೆ ಕಣೋ."

ಭಾನುವಾರ ಬೆಳಗ್ಗೆ ಹತ್ತಕ್ಕೆ ಕಚೇರಿಯ ಸಭಾಂಗಣದಲ್ಲಿ ಕೂರಲು ಜಾಗವಿರಲಿಲ್ಲ. ಕಿಟಕಿಯ ಸರಳಿಗೂ ಜನ ಜೋತುಬಿದ್ದಿದ್ದರು. ಹೊಸ ಬಡಾವಣೆಯವರು ಮಕ್ಕಳು ಮರಿ ಸಮೇತ ಬಂದಿದ್ದರು. ಮೇಜಿನ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಬಿಳಿ ಕಪ್ಪು. ಹಿಂದಿನ ಕೋಣೆಯಲ್ಲಿ ಕಚೇರಿಯವರು ಮೂರು ಒಲೆಗಳ ಮೇಲೆ ಮೂರು ಬಾವಿಯ ನೀರು ಕುದಿಸುತ್ತಿದ್ದರು. ಭಾವ ಇಸ್ತ್ರಿ ಮಾಡಿದ ಅಂಗಿಯಲ್ಲಿ ಕುಳಿತಿದ್ದರು. ಅವರ ಕಣ್ಣು ತಯಾರಾಗಿತ್ತು.

ಆಗ ಹೆಡ್‌ಮಾಸ್ತರು ಎದ್ದು ನಿಂತರು.

"ಅಧ್ಯಕ್ಷರೇ, ಒಂದು ಮಾತು. ನಾನು ಮೂವತ್ತೈದು ವರ್ಷ ಪರೀಕ್ಷೆ ನಡೆಸಿದವನು. ನಾಲಿಗೆಯವರ ಮೇಲೆ ನನಗೆ ಎಳ್ಳಷ್ಟೂ ಅನುಮಾನ ಇಲ್ಲ. ಅದಕ್ಕೇ ಹೇಳ್ತೀನಿ. ನಾಳೆ ಯಾರೂ ಬಂದು ಇವರು ಬಣ್ಣ ನೋಡಿ ಹೇಳಿದ್ರು ಅನ್ನಬಾರದು. ಕಣ್ಣಿಗೆ ಬಟ್ಟೆ ಕಟ್ಟಬೇಕು!"

ಸಭೆ ಚಪ್ಪಾಳೆ ತಟ್ಟಿತು. ಭಾವ ನನ್ನ ಕಡೆ ನೋಡಿದರು. ಮುಳುಗುವವರು ದಡದ ಕಡೆ ನೋಡುವ ಹಾಗಿತ್ತು. ದಡವಾದ ನಾನು ಏನೂ ಮಾಡಲಿಲ್ಲ.

"ಇನ್ನೊಂದು" ಎಂದರು ಹೆಡ್‌ಮಾಸ್ತರು, ಚಪ್ಪಾಳೆಯಿಂದ ಉಬ್ಬಿ. "ಮೂರಲ್ಲ, ನಾಲ್ಕು ಕಪ್ಪು ಇಡೋಣ. ಒಂದರಲ್ಲಿ ಅವರ ಮನೆಯವರು ತಂದ ಟೀ. ಮೊದಲು ಅದನ್ನ ಗುರುತಿಸಲಿ. ನಾಲಿಗೆ ಇವತ್ತು ಸರಿಯಾಗಿ ಕೆಲಸ ಮಾಡ್ತಿದೆ ಅಂತ ಅದರಿಂದ ಖಾತ್ರಿ ಆಗುತ್ತೆ."

ಅಕ್ಕ ಮಡಿಲಲ್ಲಿದ್ದ ಫ್ಲಾಸ್ಕನ್ನು ಎತ್ತಿ ಕೊಟ್ಟಳು. ಇದೆಲ್ಲ ಹೆಡ್‌ಮಾಸ್ತರು ಅವಳಿಗೆ ಮೊದಲೇ ಹೇಳಿದ್ದ ಗುಟ್ಟು. ಅವಳ ಮುಖದಲ್ಲಿ ಅನುಮಾನದ ಒಂದು ಗೆರೆಯೂ ಇರಲಿಲ್ಲ. ಗಂಡ ಉಳಿದ ಮೂರನ್ನು ತಪ್ಪು ಹೇಳಿದರೂ ಹೇಳಬಹುದು, ತನ್ನದನ್ನು ತಪ್ಪುವುದುಂಟೇ?

ಹೆಡ್‌ಮಾಸ್ತರು ತಮ್ಮದೇ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಕಟ್ಟಿದರು. ಊರಿನ ದೊಡ್ಡ ನಾಲಿಗೆ ಈಗ ಕತ್ತಲಲ್ಲಿ ಕುಳಿತಿತ್ತು, ಬಾಯಿಯಿಲ್ಲದೆ, ಮೂಗಿಲ್ಲದೆ, ಕಣ್ಣಿಲ್ಲದೆ. ಕಪ್ಪುಗಳನ್ನು ಅದಲು ಬದಲು ಮಾಡಿ ಇಟ್ಟರು.

ಭಾವ ಒಂದನೆಯ ಕಪ್ಪಿಗೆ ತುಟಿ ಇಟ್ಟು ಚಟ್ಟನೆ ತೆಗೆದರು. ಸುಡುತ್ತಿತ್ತು. ಎರಡನೆಯದೂ ಸುಡುತ್ತಿತ್ತು. ಮೂರನೆಯದಕ್ಕೆ ತುಟಿ ಇಟ್ಟವರು ತೆಗೆಯಲಿಲ್ಲ. ಭುಜ ಇಳಿಯಿತು. ಹಣೆಯ ಗಂಟು ಬಿಚ್ಚಿತು. ಪೂರ್ತಿ ಕಪ್ಪು ಕುಡಿದು ಕೆಳಗಿಟ್ಟರು.

"ಇದು ನಮ್ಮ ಮನೇದು" ಎಂದರು.

ಸಭಾಂಗಣ ಅದುರಿತು. ಕಿಟಕಿಯ ಸರಳು ಹಿಡಿದಿದ್ದ ಒಬ್ಬ ಹೊರಗೆ ಬಿದ್ದ. ಹೆಡ್‌ಮಾಸ್ತರು ಕಣ್ಣೊರೆಸಿಕೊಳ್ಳಲು ಕರವಸ್ತ್ರ ಹುಡುಕಿ, ಅದು ಭಾವನ ಕಣ್ಣ ಮೇಲಿದೆ ಎಂದು ನೆನಪಾಗಿ, ತೋಳಿನಲ್ಲೇ ಒರೆಸಿಕೊಂಡರು. ಅಕ್ಕ ಚಪ್ಪಾಳೆ ತಟ್ಟಲಿಲ್ಲ. ಮುಖ ಕೆಂಪಗೆ ಮಾಡಿಕೊಂಡು ಫ್ಲಾಸ್ಕಿನ ಮುಚ್ಚಳವನ್ನು ಸವರುತ್ತಾ ಕುಳಿತಿದ್ದಳು.

ಭಾವ ಹೇಗೆ ಗುರುತಿಸಿದರು ಎಂದು ನನಗೆ ಮಾತ್ರ ಗೊತ್ತಾಯಿತು. ಜ್ವರ ಬಿಟ್ಟ ಹೊಸದರಲ್ಲಿ ಅವರು ರುಚಿ ಹುಡುಕುವ ಆತುರದಲ್ಲಿ ಗಟಗಟನೆ ಕುಡಿದು ಬಾಯಿ ಸುಟ್ಟುಕೊಂಡಿದ್ದರು. ಅವತ್ತಿನಿಂದ ಅಕ್ಕ ಅವರ ಟೀಯನ್ನು ಎರಡು ಪಾತ್ರೆಗಳ ನಡುವೆ ಎತ್ತಿ ಎತ್ತಿ ಸುರಿದು, ತುಟಿಗೆ ಹಿತವಾಗುವಷ್ಟು ಆರಿಸಿಯೇ ಕೊಡುತ್ತಾಳೆ. ಅಷ್ಟೇ ಬಿಸಿ, ಆರು ವರ್ಷದಿಂದ, ಒಂದು ದಿನವೂ ಹೆಚ್ಚುಕಡಿಮೆಯಿಲ್ಲ. ಇವತ್ತೂ ಹಾಗೆ ಆರಿಸಿಯೇ ಫ್ಲಾಸ್ಕಿಗೆ ತುಂಬಿದ್ದಳು. ಊರವರು ನಾಲಿಗೆಯನ್ನು ಕಂಡು ಬೆರಗಾಗಿದ್ದರು. ನಾನು ಆ ಬಿಸಿಯನ್ನು ನೆನೆದು ಬೆರಗಾದೆ.

"ಈಗ ಬಾವಿ" ಎಂದರು ಅಧ್ಯಕ್ಷರು ಕೈ ಉಜ್ಜುತ್ತಾ. "ಹೇಳಿ ನಾಲಿಗೆಯವರೇ."

ಭಾವ ಉಳಿದ ಮೂರರಿಂದಲೂ ಒಂದೊಂದು ಗುಟುಕು ಕುಡಿದರು. ಬಿಸಿ, ಬಿಸಿ, ಬಿಸಿ. ಸುಮ್ಮನೆ ಕುಳಿತರು. ನಾನು ಎಣಿಸಿದೆ. ಇಪ್ಪತ್ತಾಯಿತು, ನಲವತ್ತಾಯಿತು. ನಾನು ಕೇಳಿದ ಮೌನಗಳಲ್ಲೆಲ್ಲ ಅದು ದೊಡ್ಡದು. ಇನ್ನೂರು ಜನ ಅದರೊಳಗೆ ಉಸಿರು ಹಿಡಿದು ಕುಳಿತಿದ್ದರು.

"ಯಾವುದೋ ಒಂದು ಹೇಳಿಬಿಡಿ!" ಎಂದರು ಅಧ್ಯಕ್ಷರು. "ಪೈಪಿನವರು ಕಾಯ್ತಿದಾರೆ!"

ಯಾವುದೋ ಒಂದು ಹೇಳಬಹುದಿತ್ತು. ಬೆರಳೆತ್ತಿ ತೋರಿಸಿದರೆ ಸಾಕಿತ್ತು. ಅಕ್ಕನ ಹೆಮ್ಮೆ ಉಳಿಯುತ್ತಿತ್ತು, ಗುಟ್ಟು ಉಳಿಯುತ್ತಿತ್ತು. ಆಗ ಹಿಂದಿನ ಸಾಲಿನಲ್ಲಿ ಬಡಾವಣೆಯ ಯಾರದೋ ಮಗು "ನೀರು" ಎಂದು ಅತ್ತಿತು. ತಾಯಿ, "ತಡಿಯೇ, ಆ ಮಾಮ ಹೇಳಲಿ" ಎಂದಳು.

ಭಾವ ಕರವಸ್ತ್ರವನ್ನು ತಾವೇ ಬಿಚ್ಚಿದರು.

"ನನಗೆ ಗೊತ್ತಿಲ್ಲ" ಎಂದರು.

"ಅಂದ್ರೆ?"

"ನನಗೆ ರುಚಿ ಗೊತ್ತಾಗಲ್ಲ. ವಾಸನೆ ಇಲ್ಲ. ಆರು ವರ್ಷದ ಹಿಂದೆ ಜ್ವರದಲ್ಲಿ ಹೋಯ್ತು. ಅವತ್ತು ಕಬ್ಬಿಣ ಹೇಳಿದ್ದು ಕಣ್ಣಲ್ಲಿ ನೋಡಿ. ನಾಲಿಗೆ ಅಂದಿದ್ದು ಸುಳ್ಳು." ಮೇಜಿನ ಮೇಲಿನ ಕಪ್ಪುಗಳನ್ನು ನೋಡಿದರು. ಅಭ್ಯಾಸ ಬಿಡುತ್ತದೆಯೇ. "ಎರಡನೇ ಕಪ್ಪಿನದು ಮಸಿ ಆಗಿದೆ, ಅದು ಬೇಡ. ಉಳಿದೆರಡೂ ನೋಡೋಕೆ ಚೆನ್ನಾಗಿವೆ. ಆದರೆ ಮೇಡಂ, ಕಣ್ಣಿಗೆ ಕಾಣದೇ ಇರೋದು ನೀರಲ್ಲಿ ಬಹಳ ಇರುತ್ತೆ. ವರದಿ ಬರೋವರೆಗೂ ಪೈಪ್ ಹಾಕಬೇಡಿ. ನನ್ನ ಮಾತು ನಂಬಬೇಡಿ."

ಯಾರೂ ಬೈಯಲಿಲ್ಲ. ಬೈಯಲು ಮೊದಲು ಅರ್ಥವಾಗಬೇಕಲ್ಲ.

ಮೊದಲು ಚೇತರಿಸಿಕೊಂಡವರು ಹೆಡ್‌ಮಾಸ್ತರು. "ನೋಡಿದ್ರಾ! ನನ್ನ ಪರೀಕ್ಷೆ! ಸತ್ಯ ಹೊರಗೆ ಬಂತು!" ಎಂದರು. ಅಂಗಡಿಯವರು, "ನಾಲಿಗೆ ಇಲ್ಲದೆ ನಾಲಿಗೆಯವರಾಗಿದ್ರಲ್ಲ!" ಎಂದು ಮೊದಲಿಗಿಂತಲೂ ಹೆಚ್ಚಿನ ಭಕ್ತಿಯಿಂದ ಭಾವನನ್ನು ನೋಡಿದರು. "ಮತ್ತೆ ಮನೆ ಟೀ ಹೇಗ್ರೀ ಗೊತ್ತಾಯ್ತು?" ಎಂದು ಯಾರೋ ಕೂಗಿದರು. ಭಾವ ಮುಂದಿನ ಸಾಲನ್ನು ನೋಡುತ್ತಿದ್ದರು.

ಅಕ್ಕ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದಳು. ಅಷ್ಟು ಗದ್ದಲದಲ್ಲೂ ಆ ಸದ್ದು ನನಗೆ ಕೇಳಿಸಿತು. ಬಿಗಿಯಾಗಿ ತಿರುಗಿಸಿ, ಎದ್ದು, ಯಾರನ್ನೂ ನೋಡದೆ ಹೊರಟಳು. ದಾರಿಯಲ್ಲಿ ನಾನು ಓಡಿ ಹೋಗಿ ಜೊತೆಗೂಡಿದೆ.

"ನಿನಗೆ ಗೊತ್ತಿತ್ತೇನೋ?"

ಫ್ಲಾಸ್ಕ್ ಹಿಡಿದುಕೊಳ್ಳಲು ಕೈ ಚಾಚಿದೆ, ಅವಳು ಕೊಡಲಿಲ್ಲ.

"ಇಬ್ಬರೂ ಸೇರಿ ನನ್ನ ಹುಚ್ಚಿ ಮಾಡಿದ್ರಿ. ಆರು ವರ್ಷ! ಏಲಕ್ಕಿ ಕುಟ್ಟಿದೆ, ಶುಂಠಿ ಜಜ್ಜಿದೆ, ಪುಡಿ ಬದಲಾಯಿಸಿದೆ. ಗೋಡೆಗೆ ಸುರಿದಿದ್ರೂ ಅಷ್ಟೇ ಆಗ್ತಿತ್ತಲ್ಲ!"

ಆಮೇಲೆ ಮೂರು ದಿನ ಆ ಮನೆಯಲ್ಲಿ ಟೀ ಬಂತು, ಪ್ರಶ್ನೆ ಬರಲಿಲ್ಲ. ಕಪ್ಪು ಮೇಜಿನ ಮೇಲೆ ಟಕ್ ಎಂದು ಕೂರುತ್ತಿತ್ತು, ಅಷ್ಟೇ. ಭಾವ ನೋಡುತ್ತಿದ್ದರು, ಕುಡಿಯುತ್ತಿದ್ದರು. "ಬಹಳ ಚೆನ್ನಾಗಿದೆ" ಎನ್ನಲು ಬಾಯಿ ತೆರೆದು, ಯಾರೂ ಕೇಳಲಿಲ್ಲ ಎಂದು ತಿಳಿದು ಮುಚ್ಚಿಕೊಳ್ಳುತ್ತಿದ್ದರು. ಜಗಲಿಯಲ್ಲಿ ಫ್ಲಾಸ್ಕುಗಳಿರಲಿಲ್ಲ. ಮೌನವನ್ನು ಇಷ್ಟಪಡುವ ನನಗೇ ಆ ಮೌನ ಸಾಕಾಗಿ ಹೋಗಿತ್ತು. ಅಷ್ಟಾದರೂ ಒಂದು ವಿಷಯ ಗಮನಿಸಿದೆ. ಆ ಮೂರು ದಿನವೂ ಅಡುಗೆಮನೆಯಿಂದ ಎರಡು ಪಾತ್ರೆಗಳ ನಡುವೆ ಟೀ ಎತ್ತಿ ಸುರಿಯುವ ಸದ್ದು ತಪ್ಪಲಿಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಅಕ್ಕ ಕಪ್ಪು ತಂದಳು. ಇಟ್ಟು ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಭಾವನ ಪಕ್ಕ ಕುಳಿತಳು. ಭಾವನ ಕೈಯಿಂದ ಕಪ್ಪು ಕಿತ್ತುಕೊಂಡು ತಾನೇ ಒಂದು ಗುಟುಕು ಕುಡಿದಳು. ಮುಖ ಕಿವುಚಿದಳು.

"ಇವತ್ತು ಚೆನ್ನಾಗಿಲ್ಲ" ಎಂದಳು.

ಭಾವನ ಕಣ್ಣು ಕಪ್ಪಿನಷ್ಟಾಯಿತು. "ಚೆನ್ನಾಗಿಲ್ವಾ?"

"ಕಹಿ. ಎಲೆ ಜಾಸ್ತಿ ಕುದ್ದಿದೆ. ನಾಲಿಗೆ ಹಿಂದೆ ಒಗರು ನಿಲ್ಲುತ್ತೆ."

"ಎಷ್ಟು ಕಹಿ?"

"ಎಷ್ಟು ಅಂದ್ರೆ..." ಅಕ್ಕ ಇನ್ನೊಂದು ಗುಟುಕು ಕುಡಿದು ಯೋಚಿಸಿದಳು. "ಬೈಯೋಕೆ ಬಂದವರು ಬೈದು, ಆಮೇಲೆ ಹೋಗದೆ ಅಲ್ಲೇ ಕೂತಿರ್ತಾರಲ್ಲ, ಆ ಥರ. ಶುಂಠಿ ಮೊದಲು ಗೊತ್ತಾಗಲ್ಲ, ನುಂಗಿದ ಮೇಲೆ ಗಂಟಲಲ್ಲಿ ಚುರುಕ್ ಅನ್ನುತ್ತೆ. ಏಲಕ್ಕಿ ಇದೆ, ಆದರೆ ದೂರದಲ್ಲಿ. ಪಕ್ಕದ ಕೋಣೇಲಿ ಯಾರೋ ಹಾಡ್ತಿರೋ ಹಾಗೆ. ಸಕ್ಕರೆ ಸರಿಯಾಗಿದೆ."

ಭಾವ ಕಣ್ಣು ಮುಚ್ಚಿ ಕೇಳುತ್ತಿದ್ದರು. ಆರು ವರ್ಷದ ಮೇಲೆ ಅವರ ಬಾಯಿಗೆ ಟೀ ಬರುತ್ತಿತ್ತು, ಕಿವಿಯ ದಾರಿಯಲ್ಲಿ. ಮುಗಿದ ಮೇಲೆ ಮೆಲ್ಲಗೆ ಕಪ್ಪು ತೆಗೆದುಕೊಂಡು, ಒಂದು ಗುಟುಕು ಕುಡಿದು, ಅದೇ ಕಹಿಯನ್ನು ಹುಡುಕುವವರ ಹಾಗೆ ಬಹಳ ಹೊತ್ತು ಬಾಯಲ್ಲಿಟ್ಟುಕೊಂಡು ನುಂಗಿದರು.

ಪ್ರಯೋಗಾಲಯದ ವರದಿ ಆಮೇಲೆ ಬಂತು. ಎರಡನೆಯ ಕಪ್ಪಿನ ಬಾವಿಯಲ್ಲಿ ಭಾವ ಹೇಳಿದ್ದ ಕಬ್ಬಿಣವೇ ಇತ್ತು. ಮೊದಲನೆಯದರ ನೀರು ಕನ್ನಡಿಯಂತೆ ತಿಳಿಯಾಗಿತ್ತು. ಬಣ್ಣವಿಲ್ಲದ ಕೆಡುಕು ಅದರಲ್ಲೇ ಸೇರಿತ್ತು. ನಾಲ್ಕನೆಯ ಕಪ್ಪಿನದೊಂದೇ ಕುಡಿಯುವ ನೀರು. ನಾನೂರು ಮನೆಗೆ ಅದರಿಂದ ಪೈಪ್ ಹೋಯಿತು. ಮೇಡಂ ವರದಿ ಹಿಡಿದು ದೂರಿನ ಕಿಟಕಿಯ ಮುಂದೆ ಸುಮ್ಮನೆ ಒಂದು ನಿಮಿಷ ನಿಂತು ಹೋದರಂತೆ. ಊರವರು ಈಗ ಭಾವನನ್ನು ಕಣ್ಣು ಎಂದು ಕರೆಯುತ್ತಾರೆ. ಮರ್ಯಾದೆ ಇರುವವರು ಕಣ್ಣಿನವರು ಎನ್ನುತ್ತಾರೆ.

ಆ ನಾಲ್ಕನೆಯ ದಿನದ ಬೆಳಗ್ಗೆ ಮಾತ್ರ ಇದೊಂದೂ ಇನ್ನೂ ಆಗಿರಲಿಲ್ಲ. ಗಡಿಯಾರ ಟಿಕ್ ಎನ್ನುತ್ತಿತ್ತು. ಅಕ್ಕ ಕೈ ಒರೆಸಿಕೊಳ್ಳುತ್ತಾ ಕೇಳಿದಳು.

"ಹೇಗಿದೆ?"

"ಕಹಿ" ಎಂದರು ಭಾವ, ಬೆರಗಿನಿಂದ. "ಬಹಳ ಚೆನ್ನಾಗಿದೆ."